ದೋಸ್ತರ ಕ್ಲಾನ್ ನಡೆಸುವುದು ಹೇಗೆ? ಬಾಗಲಕೋಟೆಯ ಲೀಡರ್ ಒಬ್ಬನ ಸಮಗ್ರ ಮಾರ್ಗದರ್ಶಿ

ಮೊಬೈಲ್ ಆಟವೊಂದನ್ನು ಒಟ್ಟಿಗೆ ಆಡುವ ನಮ್ಮ ಗುಂಪಿನಲ್ಲಿ, ಅಂದರೆ ಕ್ಲಾನ್‌ನಲ್ಲಿ, ಇವತ್ತಿಗೆ 23 ಜನ. ಬಾಗಲಕೋಟೆಯಲ್ಲಿ ಡಿಪ್ಲೊಮಾ ಓದುವಾಗ ಒಂದೇ ಖಾನಾವಳಿಯಲ್ಲಿ ರೊಟ್ಟಿ ತಿಂದ ಒಂಬತ್ತು ಗೆಳೆಯರಿಂದ ಇದು ಶುರುವಾಯಿತು. ಈಗ ಅವರಲ್ಲಿ ಇಬ್ಬರು ಬೆಂಗಳೂರಲ್ಲಿದ್ದಾರೆ, ಒಬ್ಬ ಪುಣೆಯಲ್ಲಿ. ಒಬ್ಬ ಮುಧೋಳದ ಹತ್ತಿರ ಕಬ್ಬು ಬೆಳೆಯುತ್ತಾನೆ. ಒಬ್ಬನ ಮನೆಯಲ್ಲಿ ಗುಳೇದಗುಡ್ಡದ ಖಣದ ಮಗ್ಗ ಇದೆ. ನಾನು ನವನಗರದಲ್ಲೇ ಉಳಿದೆ. ಮಿಕ್ಕವರು ಇವರ ತಮ್ಮಂದಿರು, ತಂಗಿಯರು, ಕಾಕಾನ ಮಕ್ಕಳು, ಕೆಲಸದ ಜಾಗದ ಗೆಳೆಯರು. ನಮ್ಮಲ್ಲಿ ದೋಸ್ತರನ್ನು ಊರ ಹೆಸರಿನಿಂದ ಕರೆಯುವುದು ರೂಢಿ. ಇಲ್ಲೂ ಅವರು ಮುಧೋಳ, ಇಳಕಲ್, ಗುಳೇದಗುಡ್ಡ ಅಂತಲೇ ಬರುತ್ತಾರೆ.

ಆಡುವುದು ಕ್ಲ್ಯಾಶ್ ಆಫ್ ಕ್ಲಾನ್ಸ್. ಫಿನ್‌ಲ್ಯಾಂಡಿನ ಸೂಪರ್‌ಸೆಲ್ ಕಂಪನಿ 2012ರಲ್ಲಿ ಬಿಡುಗಡೆ ಮಾಡಿದ ಆಟ ಇದು. ನಿಮ್ಮ ಹಳ್ಳಿ ಕಟ್ಟಿಕೊಂಡು, ಸೈನ್ಯ ಕಳಿಸಿ ಬೇರೆಯವರ ಹಳ್ಳಿ ಹೊಡೆಯಬೇಕು. ಹೀಗೆ ಒಂದು ಸಲ ಹೊಡೆಯುವುದು ಅಟ್ಯಾಕ್, ಎರಡು ಕ್ಲಾನ್‌ಗಳ ನಡುವಿನ ಯುದ್ಧ ವಾರ್. ನಾನು ಹೇಳುವ ಲೆಕ್ಕಗಳೆಲ್ಲ ಈ ಆಟದ್ದು. ನಿಮ್ಮ ಗುಂಪು ಬೇರೆ ಆಟ ಆಡುತ್ತಿದ್ದರೆ ಅಂಕಿ ಬದಲಾಗುತ್ತದೆ, ಜನರನ್ನು ನಡೆಸಿಕೊಂಡು ಹೋಗುವ ಕೆಲಸ ಅದೇ ಇರುತ್ತದೆ.

2020ರಿಂದ ಲೀಡರ್ ಆಗಿ ನಾನು ಕಲಿತದ್ದು ಮುಖ್ಯವಾಗಿ ಒಂದು. ದೋಸ್ತರ ಕ್ಲಾನ್‌ನಲ್ಲಿ ಯಾರಿಗೆ ಯಾವಾಗ ಪುರಸೊತ್ತು ಇರುತ್ತದೆ ಅಂತ ಲೀಡರ್‌ಗೆ ಗೊತ್ತಿರಬೇಕು. ಆ ಪುರಸೊತ್ತಿಗೆ ಆಟವನ್ನು ಹೊಂದಿಸಬೇಕು. ಅಟ್ಯಾಕ್ ಮಾಡುವುದನ್ನು ಯೂಟ್ಯೂಬ್ ನೋಡಿ ಕಲಿಯಬಹುದು. ಇದನ್ನು ಮಾತ್ರ ನಿಮ್ಮ ದೋಸ್ತರನ್ನು ನೋಡಿಯೇ ಕಲಿಯಬೇಕು.

ಹೆಜ್ಜೆ 1: ಕ್ಲಾನ್ ಯಾಕೆ ಬೇಕು ಅಂತ ಮೊದಲೇ ಮಾತಾಡಿ

ಕ್ಲಾನ್ ಕಟ್ಟುವ ಮುಂಚೆ ಎಲ್ಲರಿಗೂ ಎರಡು ಪ್ರಶ್ನೆ ಕೇಳಿ. ವಾರಕ್ಕೆ ಎಷ್ಟು ದಿನ ಆಡುತ್ತೀರಿ? ಸತತ ಮೂರು ವಾರ್ ಸೋತರೆ ನಿಮಗೆ ಹೇಗನಿಸುತ್ತದೆ? ಎರಡನೆಯದಕ್ಕೆ ಬರುವ ಉತ್ತರದಲ್ಲೇ ಎಲ್ಲ ಗೊತ್ತಾಗುತ್ತದೆ. ನಮ್ಮಲ್ಲಿ ಏಳು ಜನ "ಏನಾಗಂಗಿಲ್ಲ" ಅಂದರು. ಇಬ್ಬರಿಗೆ ಸೋಲು ಸಹಿಸಲು ಆಗುತ್ತಿರಲಿಲ್ಲ.

ಆ ಇಬ್ಬರನ್ನು ತಣ್ಣಗೆ ಮಾಡಲು ಹೋಗಬೇಡಿ, ಉಳಿದ ಏಳು ಜನರನ್ನು ಬಿಸಿ ಮಾಡಲೂ ಹೋಗಬೇಡಿ. ಎರಡೂ ಆಗುವುದಿಲ್ಲ. ನಾವು ಮಾಡಿದ್ದು ಇಷ್ಟೇ: ಸೂಪರ್‌ಸೆಲ್ ಐಡಿಯಲ್ಲಿ (ಆಟದ ಲಾಗಿನ್) ಒಂದೇ ಫೋನಿನಿಂದ ಎರಡು ಅಕೌಂಟ್ ಬದಲಾಯಿಸಿ ಆಡಬಹುದು. ಆ ಇಬ್ಬರು ದೊಡ್ಡ ಅಕೌಂಟನ್ನು ಜೋರಾಗಿ ಆಡುವ ಬೇರೆ ಕ್ಲಾನ್‌ನಲ್ಲಿ ಇಟ್ಟರು, ಇನ್ನೊಂದನ್ನು ನಮ್ಮಲ್ಲಿ ಇಟ್ಟರು. ಅಲ್ಲಿ ಗೆಲ್ಲಲು ಆಡುತ್ತಾರೆ, ಇಲ್ಲಿ ಹರಟೆಗೆ ಬರುತ್ತಾರೆ. ಇಬ್ಬರೂ ಇನ್ನೂ ನಮ್ಮ ಜೊತೆಗಿದ್ದಾರೆ.

ಹೆಜ್ಜೆ 2: ಕ್ಲಾನ್ ಕಟ್ಟಿ, ಆದರೆ ತುಂಬಿಸಬೇಡಿ

ಮೊದಲು ನಿಮ್ಮ ಹಳ್ಳಿಯಲ್ಲಿ ಹಾಳು ಬಿದ್ದಿರುವ ಕ್ಲಾನ್ ಕ್ಯಾಸಲ್ ಸರಿ ಮಾಡಬೇಕು. ಆ ಕಟ್ಟಡ ಇದ್ದರೇ ಕ್ಲಾನ್, ಕ್ಲಾನ್‌ನವರು ಕೊಡುವ ಸೈನ್ಯವೂ ಅದರಲ್ಲೇ ಇರುತ್ತದೆ. ಸರಿ ಮಾಡಲು 10,000 ಗೋಲ್ಡ್ (ಆಟದೊಳಗಿನ ದುಡ್ಡು). ಕ್ಲಾನ್ ಶುರು ಮಾಡಲು 40,000 ಗೋಲ್ಡ್. ಸೆಟ್ಟಿಂಗ್‌ನಲ್ಲಿ ಯಾರು ಬೇಕಾದರೂ ಸೇರಬಹುದು ಅನ್ನುವ ಆಯ್ಕೆ ತೆಗೆದು ಇನ್ವೈಟ್ ಓನ್ಲಿ ಮಾಡಿ. ಪ್ರತಿ ಕ್ಲಾನ್‌ಗೂ ಒಂದು ಟ್ಯಾಗ್, ಅಂದರೆ ತನ್ನದೇ ಕೋಡ್, ಇರುತ್ತದೆ. ಗೆಳೆಯರಿಗೆ ಹೆಸರು ಹೇಳುವ ಬದಲು ಅದನ್ನೇ ಕಳಿಸಿ, ಒಂದೇ ಹೆಸರಿನ ಕ್ಲಾನ್‌ಗಳು ಬೇಕಾದಷ್ಟಿವೆ.

ಕ್ಲಾನ್‌ನಲ್ಲಿ 50 ಜನರಿಗೆ ಜಾಗ ಇದೆ. ಆ ಖಾಲಿ ಜಾಗ ನೋಡಿದರೆ ತುಂಬಿಸಬೇಕು ಅನಿಸುತ್ತದೆ. ನನಗೂ ಅನಿಸಿತ್ತು. 2021ರಲ್ಲಿ ಒಂದೇ ವಾರದಲ್ಲಿ 20 ಅಪರಿಚಿತರನ್ನು ಸೇರಿಸಿದೆ. ವಾರ್ ಗೆಲ್ಲತೊಡಗಿದೆವು, ಆದರೆ ಚಾಟ್ ಸತ್ತಿತು. ಇಳಕಲ್ಲಿನವನು ತನ್ನ ಅಕ್ಕನ ಮದುವೆ ವಿಷಯ ಹೇಳಲು ಶುರು ಮಾಡುತ್ತಿದ್ದ, ನಡುವೆ ಯಾರೋ "ಡ್ರ್ಯಾಗನ್ ಕೊಡಿ" ಅಂತ ಹಿಂದಿಯಲ್ಲಿ ಕೇಳುತ್ತಿದ್ದರು. ಅವರದೇನೂ ತಪ್ಪಿರಲಿಲ್ಲ, ಅವರು ಆಡಲು ಬಂದವರು. ನಮಗೆ ಬೇಕಾದದ್ದು ಬೇರೆ ಇತ್ತು.

ನನ್ನ ಲೆಕ್ಕದಲ್ಲಿ 15ರಿಂದ 25 ಜನ ಸರಿಯಾದ ಗಾತ್ರ. ಕ್ಲಾನ್ ವಾರ್ 5 ಜನರಿಂದಲೂ ಆಡಬಹುದು, ತಿಂಗಳಿಗೊಮ್ಮೆ ನಡೆಯುವ ಲೀಗ್‌ಗೆ (ಹೆಜ್ಜೆ 8) 15 ಜನ ಬೇಕು. 20ರ ಆಸುಪಾಸಿನಲ್ಲಿದ್ದರೆ ನಾಲ್ಕೈದು ಜನ ಬಾರದಿದ್ದರೂ ನಡೆಯುತ್ತದೆ. ಹೊಸಬರು ಬರಬೇಕಾದರೆ ನಮ್ಮಲ್ಲಿ ಯಾರಾದರೂ ಒಬ್ಬರು ಜಾಮೀನು ನಿಲ್ಲಬೇಕು. "ಇಂವ ನನ್ನ ಮಾವನ ಮಗ, ನಾ ಹೇಳ್ತೀನಿ ಇವಗ" ಅಂದರೆ ಸಾಕು. ಮುಂದೆ ಆ ಹುಡುಗ ಏನಾದರೂ ಕಿರಿಕ್ ಮಾಡಿದರೆ ನಾನು ಅವನ ಹತ್ತಿರ ಹೋಗುವುದಿಲ್ಲ, ಜಾಮೀನು ನಿಂತವನ ಹತ್ತಿರ ಹೋಗುತ್ತೇನೆ.

ಹೆಜ್ಜೆ 3: ಕೋ-ಲೀಡರ್ ಪಟ್ಟ ಹಂಚುವಾಗ ಕೈ ಬಿಗಿ ಹಿಡಿಯಿರಿ

ಆಟದಲ್ಲಿ ನಾಲ್ಕು ಮೆಟ್ಟಿಲು: ಮೆಂಬರ್, ಎಲ್ಡರ್, ಕೋ-ಲೀಡರ್, ಲೀಡರ್. ಎಲ್ಡರ್ ಆದವನು ಮೆಂಬರ್‌ಗಳನ್ನು ತೆಗೆಯಬಹುದು, ಇನ್ನೊಬ್ಬ ಎಲ್ಡರ್‌ನನ್ನು ತೆಗೆಯಲು ಬರುವುದಿಲ್ಲ. ಕೋ-ಲೀಡರ್ ವಾರ್ ಶುರು ಮಾಡಬಹುದು, ಕ್ಲಾನ್ ಮೇಲ್ ಕಳಿಸಬಹುದು, ಎಲ್ಡರ್ ಮತ್ತು ಮೆಂಬರ್ ಇಬ್ಬರನ್ನೂ ತೆಗೆಯಬಹುದು.

ದೋಸ್ತರ ಕ್ಲಾನ್‌ನಲ್ಲಿ ಎಲ್ಲರೂ ಮಾಡುವ ತಪ್ಪನ್ನು ನಾನೂ ಮಾಡಿದೆ. "ನಾವೆಲ್ಲಾ ಒಂದs" ಅಂತ ಉಳಿದ ಎಂಟು ಜನರಿಗೂ ಕೋ-ಲೀಡರ್ ಕೊಟ್ಟೆ. ಒಂದು ಸಂಜೆ ಒಬ್ಬನ ಅಕ್ಕನ ಮಗ ಫೋನ್ ಹಿಡಿದುಕೊಂಡು ಕೂತ. ಆರು ವರ್ಷದ ಹುಡುಗ. ಕೆಂಪು ಬಟನ್ ಒತ್ತಿದರೆ ಹೆಸರು ಮಾಯವಾಗುವುದು ಅವನಿಗೆ ಮಜಾ ಅನಿಸಿತು. 11 ಜನ ಹೊರಗೆ ಬಿದ್ದರು. ವಾಪಸ್ ಕರೆದರೆ ಎಲ್ಲರೂ ಮೆಂಬರ್ ಆಗಿ ಬರುತ್ತಾರೆ, ಪಟ್ಟ ಹೋಗಿರುತ್ತದೆ. ಇಬ್ಬರು ನಾನೇ ತೆಗೆದೆ ಅಂದುಕೊಂಡು ಎರಡು ದಿನ ಮಾತೇ ಆಡಲಿಲ್ಲ.

ಈಗ ನಮ್ಮಲ್ಲಿ ಮೂರೇ ಕೋ-ಲೀಡರ್. ಚೆನ್ನಾಗಿ ಆಡುತ್ತಾರೆ ಅಂತ ಅವರನ್ನು ಆರಿಸಿಲ್ಲ, ಬೇರೆ ಬೇರೆ ಹೊತ್ತಿಗೆ ಎಚ್ಚರ ಇರುತ್ತಾರೆ ಅಂತ ಆರಿಸಿದ್ದು. ಬೆಂಗಳೂರಿನವನಿಗೆ ನೈಟ್ ಶಿಫ್ಟ್. ಗುಳೇದಗುಡ್ಡದವನಿಗೆ ಮಧ್ಯಾಹ್ನ ಬಿಡುವು. ಇನ್ನೊಬ್ಬಳು ಇಳಕಲ್ಲಿನವನ ತಂಗಿ, ಬೆಳಿಗ್ಗೆ ಬೇಗ ಏಳುತ್ತಾಳೆ. ಮೂವರ ಫೋನಿಗೂ ಲಾಕ್ ಇದೆ. ಉಳಿದ ಎಲ್ಲರನ್ನೂ ಒಂದು ತಿಂಗಳಾದ ಮೇಲೆ ಎಲ್ಡರ್ ಮಾಡಿಬಿಡುತ್ತೇನೆ. ಎಲ್ಲರೂ ಎಲ್ಡರ್ ಆದರೆ ಅವರವರಲ್ಲೇ ಯಾರೂ ಯಾರನ್ನೂ ತೆಗೆಯಲು ಆಗುವುದಿಲ್ಲ. ಮರ್ಯಾದೆಯೂ ಸಮ.

ಹೆಜ್ಜೆ 4: ನಿಯಮ ನಾಲ್ಕೇ ಇರಲಿ

ಹತ್ತು ನಿಯಮ ಬರೆದರೆ ಯಾರೂ ಓದುವುದಿಲ್ಲ. ನಮ್ಮದು ನಾಲ್ಕು. ವಾರ್ ಆಡಲು ಆಗದಿದ್ದರೆ ಪ್ರೊಫೈಲ್‌ನಲ್ಲಿ ಕೆಂಪು ಮಾಡಿ, ಕಾರಣ ಯಾರೂ ಕೇಳುವುದಿಲ್ಲ. ಹಸಿರು ಇಟ್ಟರೆ ಒಂದು ಅಟ್ಯಾಕ್ ಆದರೂ ಮಾಡಿ. ಚಾಟ್‌ನಲ್ಲಿ ಅವ್ವ-ಅಪ್ಪನ ಮೇಲಿನ ಬೈಗುಳ ಬೇಡ. ಪಾಸ್‌ವರ್ಡ್, ಓಟಿಪಿ ಯಾರಿಗೂ ಕೊಡಬೇಡಿ, ಲೀಡರ್‌ಗೂ ಕೊಡಬೇಡಿ.

ಮೂರನೆಯದರ ಬಗ್ಗೆ ಒಂದು ಮಾತು. ನಾವು ಗಂಡು ಹುಡುಗರು ರೂಮಿನಲ್ಲಿ ಹೇಗೆ ಮಾತಾಡುತ್ತೇವೆ ಅಂತ ಎಲ್ಲರಿಗೂ ಗೊತ್ತು. ಮೊದಲು ನಮ್ಮ ಚಾಟ್ ಕೂಡ ಹಾಗೇ ಇತ್ತು. ತಂಗಿಯರು ಸೇರಿದ ಮೇಲೆ ಒಬ್ಬಳು ನನಗೆ ಬೇರೆಯಾಗಿ ಮೆಸೇಜ್ ಮಾಡಿದಳು: "ಅಣ್ಣಾ, ನಾ ಚಾಟ್ ತೆಗಿಯೂದs ಇಲ್ಲ ಈಗ." ಅವಳು ಆಟ ಬಿಟ್ಟಿರಲಿಲ್ಲ, ಮಾತು ಬಿಟ್ಟಿದ್ದಳು. ಅವತ್ತೇ ಎಲ್ಲರಿಗೂ ಹೇಳಿದೆ. ಯಾರೂ ಎದುರು ಮಾತಾಡಲಿಲ್ಲ. ಈ ವಿಷಯವನ್ನು ನೀವು ಮೊದಲ ದಿನವೇ ಹೇಳಿ, ಯಾರಾದರೂ ನೊಂದುಕೊಳ್ಳುವ ತನಕ ಕಾಯಬೇಡಿ.

ಹೆಜ್ಜೆ 5: ವಾರ್ ಯಾವಾಗ ಶುರು ಮಾಡಬೇಕು?

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆ ಓದುತ್ತೀರಿ ಅಂದರೆ ಇದನ್ನು ಓದಿ.

ಎದುರಾಳಿ ಸಿಕ್ಕ ಮೇಲೆ ತಯಾರಿಗೆ 23 ಗಂಟೆ, ಯುದ್ಧಕ್ಕೆ 24 ಗಂಟೆ. ಅಂದರೆ ನೀವು ಬಟನ್ ಒತ್ತಿದ ಹೊತ್ತಿನ ಮೇಲೆ ಯುದ್ಧ ಯಾವಾಗ ಮುಗಿಯುತ್ತದೆ ಅನ್ನುವುದು ನಿಂತಿದೆ. ನಾನು ಮೊದಮೊದಲು ಭಾನುವಾರ ಬೆಳಿಗ್ಗೆ ಚಾ ಕುಡಿಯುತ್ತಾ ಒತ್ತುತ್ತಿದ್ದೆ. ಯುದ್ಧ ಮುಗಿಯುತ್ತಿದ್ದದ್ದು ಮಂಗಳವಾರ ಬೆಳಿಗ್ಗೆ. ಎಲ್ಲರೂ ಕೆಲಸಕ್ಕೆ ಓಡುವ ಹೊತ್ತು. ಅರ್ಧ ಅಟ್ಯಾಕ್ ಹಾಗೇ ಉಳಿಯುತ್ತಿದ್ದವು. ತಪ್ಪು ನನ್ನದು, ಬೈಸಿಕೊಳ್ಳುತ್ತಿದ್ದವರು ಅವರು.

ಈಗ ಶುಕ್ರವಾರ ರಾತ್ರಿ 10ಕ್ಕೆ ಒತ್ತುತ್ತೇನೆ. ಶನಿವಾರ ರಾತ್ರಿ 9ಕ್ಕೆ ಯುದ್ಧ ಶುರು, ಭಾನುವಾರ ರಾತ್ರಿ 9ಕ್ಕೆ ಮುಕ್ತಾಯ. ಇದರಲ್ಲಿ ಒಂದು ಪೂರ್ತಿ ರಾತ್ರಿ ಮತ್ತು ಒಂದು ಪೂರ್ತಿ ರಜೆಯ ಹಗಲು ಸಿಗುತ್ತದೆ. ಆ ರಾತ್ರಿ ಯಾಕೆ ಬೇಕು ಅಂತ ನನಗೆ ಮುಧೋಳದವನಿಂದ ಗೊತ್ತಾಯಿತು.

ಅವನ ಹೊಲದ ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಒಂದು ವಾರ ಹಗಲು ಬಂದರೆ ಇನ್ನೊಂದು ವಾರ ರಾತ್ರಿ ಬರುತ್ತದೆ. ರಾತ್ರಿ ಪಾಳಿ ಇದ್ದಾಗ ಅವನು ಕಬ್ಬಿಗೆ ನೀರು ಹಾಯಿಸಲು ಹೋಗುತ್ತಾನೆ, ಹಗಲು ಮಲಗುತ್ತಾನೆ. ಅವನ ಮಟ್ಟಿಗೆ ಭಾನುವಾರ ಸಂಜೆ ಅಂದರೆ ನಿದ್ದೆಯ ಹೊತ್ತು. ಒಂದು ಸಲ ರಾತ್ರಿ ಒಂದೂ ಕಾಲಿಗೆ ಅವನದೊಂದು ವಾಯ್ಸ್ ಮೆಸೇಜ್ ಬಂತು. ಹಿಂದೆ ಮೋಟರಿನ ಸದ್ದು, ಕಪ್ಪೆಗಳ ಸದ್ದು. "ಲೇ, ನಂಬರ್ ಆರು ಮೂರ್ ಸ್ಟಾರ್. ನೀರ್ ಸಾಲ್ ಒಡದ್ ಹೊಂಟೈತಿ, ಬರ್ತೀನಿ ತಡಿ." ಒಂದು ಸಾಲಿನ ತುದಿಗೆ ನೀರು ಮುಟ್ಟುವಷ್ಟರಲ್ಲಿ ಅವನು ಒಡ್ಡಿನ ಮೇಲೆ ಗೋಣಿಚೀಲ ಹಾಸಿಕೊಂಡು ಕೂತು ಅಟ್ಯಾಕ್ ಮುಗಿಸಿದ್ದ, ಎದುರಾಳಿ ಪಟ್ಟಿಯ ಆರನೆಯ ಹಳ್ಳಿ ಪೂರ್ತಿ ಬಿದ್ದಿತ್ತು. ಒಂದು ಅಟ್ಯಾಕ್‌ಗೆ ಹೆಚ್ಚೆಂದರೆ ಮೂರು ನಿಮಿಷ. ಆ ಮೂರು ನಿಮಿಷ ಅವನಿಗೆ ಯಾವಾಗ ಸಿಗುತ್ತದೆ ಅನ್ನುವುದು ನನಗೆ ಗೊತ್ತಿರಬೇಕಿತ್ತು, ಅಲ್ವಾ?

ನಿಮ್ಮ ಗುಂಪಿನಲ್ಲಿ ಹೀಗೆ ಮಾಡಿ. ಒಂದು ಹಾಳೆ ತೆಗೆದುಕೊಳ್ಳಿ. ಪ್ರತಿಯೊಬ್ಬರ ಹೆಸರಿನ ಮುಂದೆ ಅವರು ಫೋನ್ ಹಿಡಿಯುವ ಹೊತ್ತು ಬರೆಯಿರಿ. ಅಂಗಡಿ ಇಟ್ಟವರಿಗೆ ಮಧ್ಯಾಹ್ನ, ಕಂಪನಿಯವರಿಗೆ ರಾತ್ರಿ, ಕಾಲೇಜಿನವರಿಗೆ ಸಂಜೆ. ಹೆಚ್ಚು ಜನರ ಹೊತ್ತು ಕೂಡುವ ಜಾಗ ನೋಡಿ, ಯುದ್ಧದ ಕೊನೆಯ ಮೂರು ಗಂಟೆ ಅಲ್ಲಿ ಬೀಳುವ ಹಾಗೆ ಹಿಂದಕ್ಕೆ ಲೆಕ್ಕ ಹಾಕಿ. 47 ಗಂಟೆ ಹಿಂದೆ ಹೋದರೆ ಬಟನ್ ಒತ್ತುವ ಹೊತ್ತು ಸಿಗುತ್ತದೆ.

ಹೆಜ್ಜೆ 6: ಯುದ್ಧದ ದಿನ

ತಯಾರಿಯ ದಿನ ಒಂದೇ ಕೆಲಸ: ಎಲ್ಲರ ವಾರ್ ಬೇಸ್‌ನ (ವಾರ್‌ಗೆ ಜೋಡಿಸಿದ ಹಳ್ಳಿಯ) ಕ್ಲಾನ್ ಕ್ಯಾಸಲ್‌ಗೆ ಸೈನ್ಯ ತುಂಬಿಸುವುದು. ದೊಡ್ಡ ಟೌನ್ ಹಾಲ್ (ಹಳ್ಳಿಯ ಮುಖ್ಯ ಕಟ್ಟಡ) ಇರುವ ಇಬ್ಬರು ಕೂತರೆ ಹದಿನೈದು ಕ್ಯಾಸಲ್ ಬೇಗ ತುಂಬುತ್ತವೆ. ಇದನ್ನು ಕೋ-ಲೀಡರ್‌ಗಳಿಗೆ ಬಿಡಿ.

ಯುದ್ಧದ ದಿನ ಪ್ರತಿಯೊಬ್ಬರಿಗೂ ಎರಡು ಅಟ್ಯಾಕ್. ಎದುರಾಳಿಯ ಹಳ್ಳಿ 50 ಪರ್ಸೆಂಟ್ ಬಿದ್ದರೆ ಒಂದು ಸ್ಟಾರ್, ಟೌನ್ ಹಾಲ್ ಬಿದ್ದರೆ ಇನ್ನೊಂದು, ಪೂರ್ತಿ ನೂರು ಆದರೆ ಮೂರನೆಯದು. ಎರಡೂ ಕಡೆಯ ಹಳ್ಳಿಗಳಿಗೆ ಬಲದ ಪ್ರಕಾರ ಮೇಲಿಂದ ಕೆಳಗೆ ನಂಬರ್ ಇರುತ್ತದೆ. ಜೋರಾಗಿ ಆಡುವ ಕ್ಲಾನ್‌ಗಳಲ್ಲಿ ಯಾರು ಯಾವ ನಂಬರ್ ಹೊಡೆಯಬೇಕು ಅಂತ ಪಟ್ಟಿ ಇರುತ್ತದೆ. ದೋಸ್ತರ ಕ್ಲಾನ್‌ನಲ್ಲಿ ಅಷ್ಟು ಬಿಗಿ ಬೇಡ. ನಮ್ಮ ಪದ್ಧತಿ ಸರಳ: ಮೊದಲ ಅಟ್ಯಾಕ್ ನಿನ್ನ ನಂಬರಿನದು ಅಥವಾ ಅದಕ್ಕಿಂತ ಒಂದೆರಡು ಕೆಳಗಿನದು. ಎರಡನೆಯದು ಭಾನುವಾರ ಸಂಜೆ 6ರ ಮೇಲೆ, ಏನು ಉಳಿದಿದೆ ನೋಡಿಕೊಂಡು. ದೊಡ್ಡವರು ಕೆಳಗಿನ ಚಿಕ್ಕ ಹಳ್ಳಿಗಳ ಮೂರು ಸ್ಟಾರ್ ತಿಂದುಬಿಟ್ಟರೆ ಹೊಸ ಹುಡುಗರಿಗೆ ಹೊಡೆಯಲು ಏನೂ ಉಳಿಯುವುದಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ನಾನು ಬಿಗಿ ಇದ್ದೇನೆ. ಒಂದು ವಾರ್ ಸೋತರೂ ಪರವಾಗಿಲ್ಲ, ಹೊಸ ಹುಡುಗ ತನ್ನ ಮೊದಲ ಮೂರು ಸ್ಟಾರ್ ತಾನೇ ತೆಗೆಯಬೇಕು.

ಕಲಿಸಲು ಫ್ರೆಂಡ್ಲಿ ಚಾಲೆಂಜ್ (ಕ್ಲಾನ್‌ನವರೇ ಒಬ್ಬರ ಹಳ್ಳಿ ಒಬ್ಬರು ಹೊಡೆಯುವ ಅಭ್ಯಾಸದ ಆಟ) ಬಳಸಿ. ಅದರಲ್ಲಿ ಸೈನ್ಯ ಖರ್ಚಾಗುವುದಿಲ್ಲ, ಎಷ್ಟು ಸಲ ಬೇಕಾದರೂ ಸೋಲಬಹುದು. ಹುಡುಗ ಅಟ್ಯಾಕ್ ಮಾಡುವಾಗ ನೀವು ಲೈವ್ ನೋಡಿ, ಮುಗಿದ ಮೇಲೆ ಒಂದೇ ತಪ್ಪು ಹೇಳಿ. ಐದು ತಪ್ಪು ಕಂಡಿದ್ದರೂ ಒಂದನ್ನೇ ಹೇಳಿ. ಮರುದಿನ ಇನ್ನೊಂದು.

ಹೆಜ್ಜೆ 7: ಯಾರಾದರೂ ಆಡದಿದ್ದರೆ, ಕೆಟ್ಟದಾಗಿ ಆಡಿದರೆ

ಇಲ್ಲಿ ನನ್ನಿಂದ ಆದ ಒಂದು ದೊಡ್ಡ ತಪ್ಪನ್ನು ಹೇಳಬೇಕು.

ಗುಳೇದಗುಡ್ಡದವನು ನಮ್ಮಲ್ಲಿ ಒಳ್ಳೆಯ ಆಟಗಾರ. ಒಂದು ಸಲ ಸತತ ನಾಲ್ಕು ವಾರ್‌ಗಳಲ್ಲಿ ಅವನ ಅಟ್ಯಾಕ್ ಕೆಟ್ಟವು. ರಿಪ್ಲೇ ನೋಡಿದರೆ ಸೈನ್ಯ ಸರಿಯಾಗಿ ಬಿಟ್ಟಿದ್ದ, ಆದರೆ ಕೊನೆಯ ಸ್ಪೆಲ್‌ಗಳು (ಸೈನ್ಯಕ್ಕೆ ನೆರವಾಗುವ ಮಂತ್ರಗಳು) ಬಳಸದೇ ಹಾಗೇ ಉಳಿದಿದ್ದವು. ನಾಲ್ಕೂ ಸಲ ಹಾಗೇ. ನಾನು ಗ್ರೂಪಿನಲ್ಲಿ ಎಲ್ಲರ ಮುಂದೆ ಬರೆದೆ: "ಸ್ಪೆಲ್ ಏನ್ ಉಪ್ಪಿನಕಾಯಿ ಹಾಕಾಕ ಇಟ್ಟಿಯೇನಲೇ?" ಎಲ್ಲರೂ ನಕ್ಕರು. ಅವನು ಏನೂ ಹೇಳಲಿಲ್ಲ. ಮುಂದಿನ ವಾರ್‌ಗೆ ಕೆಂಪು ಮಾಡಿದ. ಅದರ ಮುಂದಿನದಕ್ಕೂ ಕೆಂಪು.

ಹದಿನೈದು ದಿನ ಬಿಟ್ಟು ಅವನ ಮನೆಗೆ ಹೋದೆ. ಮಗ್ಗದ ಮನೆಯಲ್ಲಿ ಕೂತು ಮಾತಾಡುವಾಗ ಅವನ ಫೋನ್ ಕೈಗೆ ತೆಗೆದುಕೊಂಡೆ. ಡಿಸ್‌ಪ್ಲೇಯ ಬಲಗಡೆ ಒಂದು ಬೆರಳಗಲ ಟಚ್ ಸತ್ತುಹೋಗಿತ್ತು. ಫೋನ್ ಅಡ್ಡ ಹಿಡಿದರೆ ಸ್ಪೆಲ್‌ಗಳು ಬರುವುದು ಸರಿಯಾಗಿ ಅಲ್ಲೇ. ಒತ್ತಿದೆ, ಮತ್ತೆ ಒತ್ತಿದೆ. ಏನೂ ಆಗಲಿಲ್ಲ. ಡಿಸ್‌ಪ್ಲೇ ಹಾಕಿಸಲು ದುಡ್ಡು ಕೂಡಿಸುತ್ತಿದ್ದೇನೆ ಅಂತ ಹೇಳಲು ಅವನಿಗೆ ಸಂಕೋಚ. ಅಷ್ಟರಲ್ಲಿ ನಾನು ನಗೆಪಾಟಲು ಮಾಡಿದ್ದೆ. ಅಲ್ಲೇ ಕ್ಷಮೆ ಕೇಳಿದೆ. ಆಮೇಲೆ ಗ್ರೂಪಿನಲ್ಲೂ ಕೇಳಿದೆ, ಕಾರಣ ಮಾತ್ರ ಹೇಳಲಿಲ್ಲ, ಅದು ಅವನ ವಿಷಯ. ಇಳಕಲ್ಲಿನವನ ಕಪಾಟಿನಲ್ಲಿ ಒಂದು ಹಳೇ ಫೋನ್ ಇತ್ತು. ನಾನು ಕೇಳಿದೆ, ಅವನು ಯಾಕೆ ಅಂತಲೂ ಕೇಳದೆ ತಂದು ಕೊಟ್ಟ.

ಅಂದಿನಿಂದ ನನ್ನ ಕ್ರಮ ಹೀಗಿದೆ. ಯಾರಾದರೂ ಒಂದು ವಾರ್ ತಪ್ಪಿಸಿದರೆ ಏನೂ ಕೇಳುವುದಿಲ್ಲ. ಎರಡು ತಪ್ಪಿಸಿದರೆ ಫೋನ್ ಮಾಡುತ್ತೇನೆ. ಮೆಸೇಜ್ ಹಾಕುವುದಿಲ್ಲ, ಫೋನ್‌ನಲ್ಲೇ ಮಾತಾಡುತ್ತೇನೆ. ಮೊದಲ ಮಾತು "ಆರಾಮ್ ಅದಿಯೇನಲೇ?" ಅಂತ. ಆಟದ ಮಾತು ಅವನೇ ತೆಗೆದರೆ ಸರಿ, ಇಲ್ಲದಿದ್ದರೆ ಆ ಫೋನಿನಲ್ಲಿ ಆಟದ ಮಾತೇ ಬರುವುದಿಲ್ಲ. ಕೆಟ್ಟ ಅಟ್ಯಾಕ್ ಬಗ್ಗೆ ಗ್ರೂಪಿನಲ್ಲಿ ಹೇಳುವುದನ್ನು ಪೂರ್ತಿ ಬಿಟ್ಟೆ. ಒಳ್ಳೆಯ ಅಟ್ಯಾಕ್ ಆದರೆ ಅದರ ರಿಪ್ಲೇ ಎಲ್ಲರಿಗೂ ಹಂಚುತ್ತೇನೆ.

ಹೆಜ್ಜೆ 8: ಲೀಗ್ ಮತ್ತು ಬೋನಸ್ ಮೆಡಲ್

2018ರಿಂದ ತಿಂಗಳಿಗೊಮ್ಮೆ ಕ್ಲಾನ್ ವಾರ್ ಲೀಗ್ ನಡೆಯುತ್ತದೆ. ಎಂಟು ಕ್ಲಾನ್, ಏಳು ವಾರ್, ದಿನಕ್ಕೆ ಒಬ್ಬರಿಗೆ ಒಂದೇ ಅಟ್ಯಾಕ್. ದೋಸ್ತಿ ಕೆಡುವುದು ಹೆಚ್ಚಾಗಿ ಇಲ್ಲೇ, ಯಾಕೆಂದರೆ ಕೊನೆಯಲ್ಲಿ ಬೋನಸ್ ಮೆಡಲ್ (ಆಟದ ಅಂಗಡಿಯಲ್ಲಿ ಖರ್ಚು ಮಾಡುವಂಥದ್ದು) ಯಾರಿಗೆ ಕೊಡಬೇಕು ಅಂತ ಲೀಡರ್ ತೀರ್ಮಾನಿಸಬೇಕು. ಬೋನಸ್ ಎಲ್ಲರಿಗೂ ಸಾಲುವುದಿಲ್ಲ. ಗೆದ್ದ ವಾರ್ ಜಾಸ್ತಿ ಆದಷ್ಟೂ ಸ್ವಲ್ಪ ಜಾಸ್ತಿ ಸಿಗುತ್ತದೆ, ಅಷ್ಟೇ.

ಜಾಸ್ತಿ ಸ್ಟಾರ್ ತೆಗೆದವರಿಗೆ ಕೊಟ್ಟರೆ ಪ್ರತಿ ತಿಂಗಳೂ ಅದೇ ಮೂವರಿಗೆ ಹೋಗುತ್ತದೆ. ನಿಮಗೆ ಬೇಕಾದವರಿಗೆ ಕೊಟ್ಟರೆ ಇನ್ನೂ ಕೆಟ್ಟದ್ದು. ನಾವು ಪಾಳಿ ಮಾಡಿದ್ದೇವೆ. ಹೆಸರುಗಳ ಪಟ್ಟಿ ವಾಟ್ಸಾಪ್ ಗ್ರೂಪಿನಲ್ಲಿ ಪಿನ್ ಆಗಿದೆ. ಈ ತಿಂಗಳು ಮೊದಲ ಮೂವರು, ಮುಂದಿನ ತಿಂಗಳು ನಂತರದವರು. ತನ್ನ ಪಾಳಿಯ ತಿಂಗಳು ಅಟ್ಯಾಕ್ ತಪ್ಪಿಸಿದರೆ ಪಾಳಿ ಒಂದು ತಿಂಗಳು ಮುಂದೆ ಹೋಗುತ್ತದೆ, ರದ್ದಾಗುವುದಿಲ್ಲ. ಪಟ್ಟಿಯಲ್ಲಿ ನನ್ನ ಹೆಸರು ಎಲ್ಲರಿಗಿಂತ ಕೆಳಗೆ. ಇದನ್ನು ಲೀಗ್ ಶುರುವಾಗುವ ಮೊದಲೇ ಎಲ್ಲರಿಗೂ ಹೇಳಿ. ಮುಗಿದ ಮೇಲೆ ಹೇಳಿದರೆ ಯಾವ ಪದ್ಧತಿಯೂ ನ್ಯಾಯ ಅನಿಸುವುದಿಲ್ಲ.

ದಿನಕ್ಕೆ 15 ಜನ ಆಡಿದರೂ ಅದಕ್ಕಿಂತ ಜಾಸ್ತಿ ಜನರನ್ನು ಹೆಸರು ನೋಂದಾಯಿಸಬಹುದು, ದಿನವೂ ಪಟ್ಟಿ ಬದಲಾಯಿಸಬಹುದು. ನಾವು 19 ಜನರನ್ನು ಹಾಕಿ ದಿನಕ್ಕೆ ನಾಲ್ವರಿಗೆ ರಜೆ ಕೊಡುತ್ತೇವೆ.

ಕ್ಲಾನ್ ಗೇಮ್ಸ್, ರೇಡ್ ವೀಕೆಂಡ್ ಅಂತ ಕ್ಲಾನ್ ಕೂಡಿ ಆಡುವ ಬೇರೆ ಆಟಗಳೂ ಇವೆ, ಇವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಸಲ ನೆನಪಿಸಿ, ಆಡುವವರು ಆಡುತ್ತಾರೆ.

ಹೆಜ್ಜೆ 9: ಆಟದ ಹೊರಗೂ ಒಂದು ಕಟ್ಟೆ ಇರಲಿ

ಕ್ಲ್ಯಾಶ್‌ಗೆ ಬರುವ ಮುಂಚೆ ನಾವು ಒಂಬತ್ತು ಜನ ಪಬ್‌ಜಿ ಆಡುತ್ತಿದ್ದೆವು. 2020ರ ಸೆಪ್ಟೆಂಬರ್ 2ರಂದು ಸರ್ಕಾರ ಅದನ್ನು ನಿಷೇಧಿಸಿತು. ನಮ್ಮ ಮಾತೆಲ್ಲ ಆ ಆಟದ ಒಳಗೇ ಇತ್ತು. ಆಟ ಹೋಯಿತು, ಮಾತೂ ಹೋಯಿತು. ಮತ್ತೆ ಎಲ್ಲರನ್ನೂ ಹುಡುಕಿ ಕೂಡಿಸಲು ಎರಡು ತಿಂಗಳು ಬೇಕಾಯಿತು. ಆಮೇಲೆ 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ಹೋಯಿತು. 2021ರ ಜುಲೈನಲ್ಲಿ ಬಂದ ಬಿಜಿಎಂಐ (ಪಬ್‌ಜಿಯ ಭಾರತದ ಆವೃತ್ತಿ) 2022ರ ಜುಲೈನಲ್ಲಿ ಪ್ಲೇ ಸ್ಟೋರ್‌ನಿಂದ ಮಾಯವಾಗಿ 2023ರ ಮೇನಲ್ಲಿ ವಾಪಸ್ ಬಂತು. ಅಂದರೆ ಯಾವ ಆಟವೂ ಯಾವಾಗ ಬೇಕಾದರೂ ನಿಲ್ಲಬಹುದು. ಅದಕ್ಕೇ ಮೊದಲ ದಿನವೇ ಒಂದು ವಾಟ್ಸಾಪ್ ಗ್ರೂಪ್ ಮಾಡಿ. ಡಿಸ್ಕಾರ್ಡ್ ಚೆನ್ನಾಗಿದೆ, ಆದರೆ 20 ಜನಕ್ಕೆ ಹೊಸ ಆ್ಯಪ್ ಕಲಿಸುವುದಕ್ಕಿಂತ ಎಲ್ಲರ ಫೋನಿನಲ್ಲೂ ಇರುವುದೇ ವಾಸಿ.

ನಾವು ಎರಡು ಗ್ರೂಪ್ ಇಟ್ಟಿದ್ದೇವೆ. ಒಂದರಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯಬಹುದು: ವಾರ್ ಯಾವಾಗ, ಲೀಗ್ ಯಾವಾಗ. ಇನ್ನೊಂದರಲ್ಲಿ ಬೇಕಾದ್ದು ಹರಟಬಹುದು. ಎರಡನ್ನೂ ಒಂದೇ ಮಾಡಿದರೆ ವಾರ್ ಸಮಯ ಮೀಮ್‌ಗಳ ನಡುವೆ ಮುಚ್ಚಿಹೋಗುತ್ತದೆ.

ದುಡ್ಡಿನ ವಿಷಯದಲ್ಲಿ ಹುಷಾರಾಗಿರಿ. "ಫ್ರೀ ಜೆಮ್ಸ್" (ಆಟದಲ್ಲಿ ದುಡ್ಡು ಕೊಟ್ಟು ಕೊಳ್ಳುವ ರತ್ನ ಪುಕ್ಕಟೆ) ಅಂತ ಬರುವ ಲಿಂಕ್ ಒತ್ತಿ ನಮ್ಮ ಒಬ್ಬ ಹುಡುಗ ಸೂಪರ್‌ಸೆಲ್ ಐಡಿಗೆ ಬಂದ ಕೋಡ್ ಅಲ್ಲಿ ಹಾಕಿದ. ಐದು ನಿಮಿಷದಲ್ಲಿ ಅಕೌಂಟ್ ಕೈ ತಪ್ಪಿತು. ಆ ಕೋಡ್ ಮನೆಯ ಕೀಲಿ ಇದ್ದ ಹಾಗೆ. ಯಾರಾದರೂ ಹಣ ಕಳೆದುಕೊಂಡರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿಸಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಇನ್ನು "ಎಲ್ಲರೂ ನೂರು ನೂರು ಹಾಕೋಣ, ಗೆದ್ದವನಿಗೆ ಅಷ್ಟೂ" ಅನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಇರುತ್ತಾರೆ. ಬೇಡ ಅನ್ನಿ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಕಾಯ್ದೆ ಇಲ್ಲದಿದ್ದರೂ ನಾನು ಬೇಡ ಅನ್ನುತ್ತಿದ್ದೆ. ನೂರು ರೂಪಾಯಿ ಸೋತವನು ಮರುದಿನ ಮೊದಲಿನ ಹಾಗೆ ಮಾತಾಡುವುದಿಲ್ಲ.

ಹೆಜ್ಜೆ 10: ಊರಿನ ಕ್ಯಾಲೆಂಡರ್ ಗೋಡೆಗೆ ಹಾಕಿಕೊಳ್ಳಿ

ಆಟದಲ್ಲಿ ಸೀಸನ್ ಇರುವ ಹಾಗೆ ನಮ್ಮ ಊರಿಗೂ ಸೀಸನ್ ಇದೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಎಲ್ಲರೂ ಹೊಲದಲ್ಲಿರುತ್ತಾರೆ. ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ ಜಾತ್ರೆ, ರಾತ್ರಿಯಿಡೀ ನಾಟಕ. ಸಂಕ್ರಾಂತಿಗೆ ವಿಜಯಪುರದ ಕಡೆಯವರು ಸಿದ್ಧೇಶ್ವರ ಜಾತ್ರೆಯಲ್ಲಿ. ಬಾಗಲಕೋಟೆಯ ಹೋಳಿ ಒಂದು ದಿನಕ್ಕೆ ಮುಗಿಯುವುದಿಲ್ಲ, ಹಲಗೆ ಸದ್ದು ಶುರುವಾದರೆ ಫೋನ್ ಯಾರೂ ಮುಟ್ಟುವುದಿಲ್ಲ, ಬಣ್ಣದ ಕೈಯಲ್ಲಿ ಮುಟ್ಟಲೂ ಬಾರದು. ಕಬ್ಬು ಕಡಿಯುವ ತಿಂಗಳುಗಳಲ್ಲಿ ಮುಧೋಳ, ಜಮಖಂಡಿ ಕಡೆಯವರನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಇಂಥ ದಿನಗಳಲ್ಲಿ ವಾರ್ ಹಾಕಬೇಡಿ. ಹಾಕಿ ಸೋತು, ಆಮೇಲೆ ಬೇಜಾರು ಮಾಡಿಕೊಳ್ಳುವ ಬದಲು "ಈ ವಾರ ಕ್ಲಾನ್‌ಗೆ ರಜೆ" ಅಂತ ಮೊದಲೇ ಮೇಲ್ ಕಳಿಸಿ. ಎಸೆಸೆಲ್ಸಿ, ಪಿಯುಸಿ ಓದುವ ತಮ್ಮ ತಂಗಿಯರಿಗೆ ಫೆಬ್ರವರಿಯಿಂದ ಪರೀಕ್ಷೆ ಮುಗಿಯುವ ತನಕ ಕಡ್ಡಾಯ ರಜೆ. ಅವರ ಜಾಗ ಹಾಗೇ ಇರುತ್ತದೆ, ಬೋನಸ್ ಪಾಳಿಯೂ ಹಾಗೇ ಇರುತ್ತದೆ ಅಂತ ಬರೆದು ಕೊಡಿ. ನಮ್ಮಲ್ಲಿ ಒಬ್ಬ ಹುಡುಗನ ತಾಯಿ ನನಗೆ ಫೋನ್ ಮಾಡಿ, "ತಮ್ಮಾ, ನೀ ಹೇಳಿದ್ರ ಅಂವ ಕೇಳ್ತಾನಪಾ" ಅಂದರು. ಲೀಡರ್ ಮಾತಿಗೆ ಮನೆಯಲ್ಲಿ ಅಷ್ಟು ಬೆಲೆ ಬಂದಾಗ ಅದನ್ನು ಓದಿನ ಪರವಾಗಿ ಬಳಸಬೇಕು.

ವರ್ಷಕ್ಕೆ ಒಮ್ಮೆಯಾದರೂ ಎದುರೆದುರು ಕೂಡಿರಿ. ನಾವು ದೀಪಾವಳಿ ಆದ ಮೇಲೆ ನವನಗರದಲ್ಲಿ ಸೇರುತ್ತೇವೆ. ಗಿರಮಿಟ್, ಮಿರ್ಚಿ ಭಜಿ, ಚಾ. ಆಟ ಆಡುವುದು ಕಡಿಮೆ, ಒಬ್ಬರ ಫೋನ್ ಒಬ್ಬರು ಕಸಿದು ಬೇಸ್ ನೋಡುವುದು ಜಾಸ್ತಿ. ಹೊಸದಾಗಿ ಸೇರಿದ ಹುಡುಗರು ಆ ಒಂದು ಸಂಜೆಯಲ್ಲಿ ನಮ್ಮವರಾಗುತ್ತಾರೆ.

ಹೆಜ್ಜೆ 11: ಬಿಟ್ಟು ಹೋಗುವವರು, ಬಿಟ್ಟು ಕೊಡುವುದು

ಜನ ಬಿಡುತ್ತಾರೆ. ಮದುವೆ ಆಗುತ್ತದೆ, ಮಗು ಆಗುತ್ತದೆ, ಆಟ ಬೇಜಾರಾಗುತ್ತದೆ. ಬಿಟ್ಟವರನ್ನು ಕ್ಲಾನ್‌ನಿಂದ ತೆಗೆದರೂ ವಾಟ್ಸಾಪ್ ಹರಟೆ ಗ್ರೂಪಿನಿಂದ ತೆಗೆಯಬೇಡಿ. ತೆಗೆಯುವ ಮುಂಚೆ ಫೋನ್ ಮಾಡಿ ಹೇಳಿ, ಇಲ್ಲದಿದ್ದರೆ ಕ್ಲಾನ್‌ನಲ್ಲಿ ತನ್ನ ಹೆಸರು ಕಾಣದೆ ಅವರಿಗೆ ನೋವಾಗುತ್ತದೆ.

ನಿಮಗೂ ಒಂದು ದಿನ ಸಾಕು ಅನಿಸುತ್ತದೆ. ವಾರ್ ಹಾಕುವುದು ಭಾರ ಅನಿಸಿ ಒಂದು ತಿಂಗಳಾದರೆ ಲೀಡರ್ ಪಟ್ಟ ಕೊಟ್ಟುಬಿಡಿ. ನಾನು ಬರುವ ಯುಗಾದಿಗೆ ಇಳಕಲ್ಲಿನವನ ತಂಗಿಗೆ ಕೊಡುತ್ತಿದ್ದೇನೆ. ಎರಡು ತಿಂಗಳಿಂದ ವಾರ್ ಬಟನ್ ಅವಳೇ ಒತ್ತುತ್ತಿದ್ದಾಳೆ, ಬೋನಸ್ ಪಟ್ಟಿಯೂ ಅವಳ ಕೈಯಲ್ಲಿದೆ. ಹೊತ್ತಿನ ಹಾಳೆಯನ್ನು ಅವಳಿಗೆ ಫೋಟೋ ತೆಗೆದು ಕಳಿಸಿದೆ. ಮುಧೋಳದವನ ಸಾಲಿನಲ್ಲಿ ನಾನು ಬರೆದದ್ದನ್ನು ಹೊಡೆದು ಹಾಕಿ, ಈಗ ಅವನ ಕರೆಂಟ್ ಪಾಳಿ ಯಾವ ವಾರ ಅಂತ ಅವಳು ಆಗಲೇ ಕೇಳಿ ತಿದ್ದಿದ್ದಳು.

ಕೊಡುವ ವಿಧಾನ ಹೀಗೆ: ಅವರನ್ನು ಮೊದಲು ಕೋ-ಲೀಡರ್ ಮಾಡಿ, ಆಮೇಲೆ ಅವರ ಹೆಸರು ಒತ್ತಿ ಲೀಡರ್ ಮಾಡಿ. ನೀವು ತಾನಾಗಿ ಕೋ-ಲೀಡರ್ ಆಗುತ್ತೀರಿ. ಇದನ್ನು ಲೀಗ್ ನಡುವೆ ಮಾಡಬೇಡಿ, ಬೋನಸ್ ಹಂಚಿಕೆಗೆ ಗೊಂದಲ ಆಗುತ್ತದೆ. ಕೊಟ್ಟ ಮೇಲೆ ಮೊದಲ ಒಂದು ತಿಂಗಳು ಗ್ರೂಪಿನಲ್ಲಿ ವಾರ್ ಬಗ್ಗೆ ನೀವು ಮಾತಾಡಬೇಡಿ. ಏನಾದರೂ ಹೇಳುವುದಿದ್ದರೆ ಹೊಸ ಲೀಡರ್‌ಗೆ ಫೋನ್ ಮಾಡಿ ಹೇಳಿ.